ಇಂಗಾಲದ ಡೈಆಕ್ಸೈಡ್ ದ್ರಾವಕವಾದಾಗ



ಪರಿಸರದ ಬಗ್ಗೆ ಪ್ರಶ್ನೆ ಬಂದರೆ ಸಾಕು, ನಮ್ಮ ಮಕ್ಕಳು ಇಂಗಾಲದ ಡೈಆಕ್ಸೈಡನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿಬಿಡುತ್ತಾರೆ. ಉತ್ತರಪತ್ರಿಕೆ ತಿದ್ದುತ್ತಾ ತಿದ್ದುತ್ತಾ ನನಗೂ ಅದು ರೂಢಿಯಾಗಿದೆ. ಆದರೆ ಈ ಅನಿಲಕ್ಕೆ ಇನ್ನೊಂದು ಉದ್ಯೋಗವೂ ಇದೆ. ಚೆನ್ನಾಗಿ ಒತ್ತಿದರೆ ಅದು ದ್ರಾವಕವಾಗುತ್ತದೆ. ಬೇರೆ ದ್ರಾವಕದೊಳಗೆ ಹೊಕ್ಕು ಕ್ರಿಯಾವರ್ಧಕದ ಕೆಲಸವನ್ನು ಹಗುರ ಮಾಡುತ್ತದೆ, ಕೆಲಸ ಮುಗಿದ ಮೇಲೆ ಒತ್ತಡ ಬಿಟ್ಟರೆ ತಾನಾಗಿ ಹೊರಗೆ ಹೋಗುತ್ತದೆ. ಈ ಬಗ್ಗೆ ಬರೆಯಲು ನನಗೆ ಇನ್ನೊಂದು ಕಾರಣವಿದೆ. ಈ ವಿಷಯಕ್ಕೆ ಬೇಕಾದ ಮೂರು ಅಧ್ಯಾಯಗಳು, ಅಂದರೆ ದ್ರವ್ಯದ ಸ್ಥಿತಿಗಳು, ಮೇಲ್ಮೈ ರಸಾಯನಶಾಸ್ತ್ರ, ಪರಿಸರ ರಸಾಯನಶಾಸ್ತ್ರ, ಎನ್‌ಸಿಇಆರ್‌ಟಿಯ ಪರಿಷ್ಕೃತ ಪುಸ್ತಕದಲ್ಲಿ ಈಗ ಇಲ್ಲ. ಪುಸ್ತಕದ ಭಾರ ಇಳಿಯಿತು ಎನ್ನುವುದು ಸರಿ. ಆದರೆ ಬಟ್ಟೆಯ ಡ್ರೈ ಕ್ಲೀನಿಂಗ್‌ಗೆ ಟೆಟ್ರಾಕ್ಲೋರೋಈಥೀನ್ ಬದಲು ದ್ರವ ಇಂಗಾಲದ ಡೈಆಕ್ಸೈಡ್ ಬಳಸಬಹುದು ಎಂಬ ಒಂದು ಒಳ್ಳೆಯ ಪ್ಯಾರಾ ಅದರ ಜೊತೆಗೇ ಹೋಯಿತು. ಅದೃಷ್ಟಕ್ಕೆ ಹೆನ್ರಿಯ ನಿಯಮ ದ್ವಿತೀಯ ಪಿಯುಸಿಯ ದ್ರಾವಣಗಳ ಪಾಠದಲ್ಲಿ ಉಳಿದಿದೆ. ನಮಗೆ ಅದು ಸಾಕು.

ಮೊದಲು ದ್ರಾವಕದ ತೊಂದರೆ ಏನು ಎಂದು ನೋಡೋಣ. ಶೇಂಗಾ ಕಾಳನ್ನು ಗಾಣದಲ್ಲಿ ಹಿಂಡಿದ ಮೇಲೂ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದಿರುತ್ತದೆ. ಆ ಎಣ್ಣೆಯನ್ನು ತೆಗೆಯಲು ದೊಡ್ಡ ಕಾರ್ಖಾನೆಗಳು ಹೆಕ್ಸೇನ್ ಬಳಸುತ್ತವೆ. ಅದು ಪೆಟ್ರೋಲಿಯಂನಿಂದ ಬಂದದ್ದು, 69 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ, ಅದರ ಆವಿಯನ್ನು ಬಹುಕಾಲ ಉಸಿರಾಡಿದ ಕೆಲಸಗಾರರ ಕೈಕಾಲಿನ ನರಗಳು ಕೆಡುತ್ತವೆ. ನಮ್ಮ ಪಕ್ಕದ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಯ ಬಣ್ಣದ ಸಾರ, ಅಂದರೆ ಓಲಿಯೋರೆಸಿನ್, ತೆಗೆಯಲೂ ಇಂಥ ಸಾವಯವ ದ್ರಾವಕಗಳೇ ಬೇಕು. ರಾಸಾಯನಿಕ ಕ್ರಿಯೆ ನಡೆಸುವ ಕಾರ್ಖಾನೆಗಳಲ್ಲಿಯೂ ಇದೇ ಕಥೆ. ಪಾತ್ರೆಯಲ್ಲಿ ಹೆಚ್ಚಿನ ಭಾಗ ದ್ರಾವಕವೇ ತುಂಬಿರುತ್ತದೆ. ಅದು ಸರಕಿನಲ್ಲಿ ಸೇರುವುದಿಲ್ಲ, ಕೊನೆಗೆ ಕಸದ ಲೆಕ್ಕಕ್ಕೋ ಗಾಳಿಗೋ ಹೋಗುತ್ತದೆ. ಹಾಗಾಗಿ ನೀರು, ಪಾಲಿಎಥಿಲೀನ್ ಗ್ಲೈಕಾಲ್, ಅಯಾನಿಕ್ ದ್ರವಗಳು, ಒತ್ತಿದ ಇಂಗಾಲದ ಡೈಆಕ್ಸೈಡ್ ಇವನ್ನೆಲ್ಲ ‘ಹಸಿರು ದ್ರಾವಕ’ ಎಂಬ ಹೆಸರಿನಲ್ಲಿ ಹುಡುಕಿಕೊಂಡು ಹೊರಟರು. ಹಸಿರು ಎಂಬ ಹಣೆಪಟ್ಟಿಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಈಗ ಅನಿಲದ ಸ್ವಭಾವಕ್ಕೆ ಬರೋಣ. 1869ರಲ್ಲಿ ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್ ಇಂಗಾಲದ ಡೈಆಕ್ಸೈಡನ್ನು ಬೇರೆ ಬೇರೆ ತಾಪದಲ್ಲಿ ಒತ್ತಿ ನೋಡಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಸುಮಾರು 31 ಡಿಗ್ರಿಯ ಕೆಳಗೆ ಒತ್ತಿದರೆ ಅನಿಲ ದ್ರವವಾಗುತ್ತದೆ, ಎರಡರ ನಡುವೆ ಗೆರೆ ಕಾಣುತ್ತದೆ. 31 ಡಿಗ್ರಿ ದಾಟಿದ ಮೇಲೆ ಎಷ್ಟೇ ಒತ್ತಿದರೂ ಆ ಗೆರೆ ಮೂಡುವುದೇ ಇಲ್ಲ. ಆ ತಾಪಕ್ಕೆ ಕ್ರಿಟಿಕಲ್ ತಾಪ ಎಂದು ಹೆಸರು. ಅದಕ್ಕೆ ಜೋಡಿಯಾದ ಒತ್ತಡ 73.8 ಬಾರ್. ಎರಡನ್ನೂ ಮೀರಿದ ಸ್ಥಿತಿಯೇ ಸೂಪರ್‌ಕ್ರಿಟಿಕಲ್. ಆಗ ಅದು ದ್ರವದಷ್ಟು ದಟ್ಟವಾಗಿರಬಲ್ಲದು, ಅನಿಲದಂತೆ ಸಲೀಸಾಗಿ ಹರಿದಾಡಬಲ್ಲದು.

31 ಡಿಗ್ರಿ ಎಂದರೆ ಯುರೋಪಿನವರಿಗೆ ಬಿಸಿ ಮಾಡಿ ಮುಟ್ಟಬೇಕಾದ ತಾಪ. ನಮಗೆ? ಗದಗಿನಲ್ಲಿ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಅದಕ್ಕಿಂತ ಕಡಿಮೆ ಆಗುವುದೇ ಅಪರೂಪ. ಅಗಲ ಬಾಯಿಯ ಕಪ್ಪು ಕೊಳವೆ ಇರುವ, ಇಂಗಾಲದ ಡೈಆಕ್ಸೈಡ್ ತುಂಬಿದ ಅಗ್ನಿಶಾಮಕ ಸಿಲಿಂಡರನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಜನವರಿಯ ಬೆಳಗಿನಲ್ಲಿ ಅದರೊಳಗೆ ದ್ರವವಿರುತ್ತದೆ, ದ್ರವದ ಮೇಲೆ ಅನಿಲವಿರುತ್ತದೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಕೋಣೆಯಲ್ಲಿ ಅದೇ ಸಿಲಿಂಡರಿನೊಳಗೆ ದ್ರವವೂ ಇಲ್ಲ, ಅನಿಲವೂ ಇಲ್ಲ, ಸೂಪರ್‌ಕ್ರಿಟಿಕಲ್ ಸ್ಥಿತಿಯ ಒಂದೇ ಪ್ರಾವಸ್ಥೆ ಇದೆ. ಅಂದರೆ ಈ ಪಾಠದ ವಸ್ತು ಎಷ್ಟೋ ಕಟ್ಟಡಗಳ ಗೋಡೆಗೆ ನೇತುಹಾಕಿಕೊಂಡೇ ಇದೆ. ತಾಪ ನಮಗೆ ಪುಕ್ಕಟೆ, ಒತ್ತಡಕ್ಕೆ ಮಾತ್ರ ಖರ್ಚು. ಅದು ಎಷ್ಟು ಒತ್ತಡ ಎಂಬುದಕ್ಕೆ ಹೋಲಿಕೆ ಬೇಕಾದರೆ, ಬೈಕಿನ ಟೈರಿನಲ್ಲಿ ಸುಮಾರು 2 ಬಾರ್, ಅಡುಗೆ ಅನಿಲದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 10 ಬಾರ್‌ಗಿಂತ ಕಡಿಮೆ.

ಈ ದಟ್ಟ ಇಂಗಾಲದ ಡೈಆಕ್ಸೈಡ್ ಕಾಫಿ ಬೀಜದೊಳಗಿನ ಕೆಫೀನನ್ನು ಕರಗಿಸಿ ಹೊರತರುತ್ತದೆ ಎಂದು 1960ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕುರ್ಟ್ ಝೋಸೆಲ್ ತೋರಿಸಿದರು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಇದೇ ದಾರಿಯಲ್ಲಿ ಸಾಂಬಾರ ಪದಾರ್ಥಗಳ ಸಾರ ತೆಗೆಯುವ ಕೆಲಸ ಮಾಡಿದೆ. ಆದರೆ ಸಾರ ತೆಗೆಯುವುದು ಬೇರೆ, ರಾಸಾಯನಿಕ ಕ್ರಿಯೆ ನಡೆಸುವುದು ಬೇರೆ. ಇಂಗಾಲದ ಡೈಆಕ್ಸೈಡ್ ಅಣುವಿಗೆ ಧ್ರುವೀಯತೆ ಇಲ್ಲ. ಲೋಹದ ಸಂಕೀರ್ಣಗಳು, ಸಕ್ಕರೆ, ಲವಣ ಇವು ಅದರಲ್ಲಿ ಸುಮ್ಮನೆ ತಳದಲ್ಲಿ ಕೂರುತ್ತವೆ. ಅದೊಂದನ್ನೇ ದ್ರಾವಕ ಮಾಡಿಕೊಂಡರೆ ಕ್ರಿಯಾವರ್ಧಕವೇ ಕರಗದು. ಹೀಗಾಗಿ ಜಾಣರು ಅದನ್ನು ಒಬ್ಬಂಟಿಯಾಗಿ ಬಿಡದೆ ಇನ್ನೊಂದು ದ್ರಾವಕಕ್ಕೆ ಜೊತೆ ಮಾಡಿದರು. ನನಗೆ ಈ ವಿಷಯದಲ್ಲಿ ರುಚಿ ಹುಟ್ಟಿದ್ದು ಇಲ್ಲಿಂದಲೇ.

ಅದರ ಲಾಭ ತಿಳಿಯಲು ವನಸ್ಪತಿಯ ಡಬ್ಬಿ ನೆನಪಿಸಿಕೊಳ್ಳಿ. ಎಣ್ಣೆಗೆ ನಿಕ್ಕಲ್ ಕ್ರಿಯಾವರ್ಧಕ ಹಾಕಿ ಹೈಡ್ರೋಜನ್ ಹಾಯಿಸಿದರೆ ಅದು ಗಟ್ಟಿಯಾಗುತ್ತದೆ ಎಂದು ಎಲ್ಲರೂ ಬಾಯಿಪಾಠ ಹೇಳುತ್ತೀರಿ. ಪುಸ್ತಕ ಹೇಳದ ಸಂಗತಿ ಒಂದಿದೆ: ಹೈಡ್ರೋಜನ್‌ಗೆ ಎಣ್ಣೆಯಲ್ಲಿ ಕರಗುವುದೆಂದರೆ ಆಗದು. ನಿಕ್ಕಲ್ ಕಣದ ಮೇಲ್ಮೈಯಲ್ಲಿ ಎಣ್ಣೆಯ ಅಣುಗಳು ಬಂದು ಕುಳಿತಿವೆ, ಊಟ ಬಡಿಸುವವನು ಮಾತ್ರ ಬರುತ್ತಿಲ್ಲ. ದ್ವಿಬಂಧ ಅರ್ಧ ತೆರೆದುಕೊಳ್ಳುತ್ತದೆ, ಹೈಡ್ರೋಜನ್ ಸಿಗದೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳುವಾಗ ಸಿಸ್ ಇದ್ದದ್ದು ಟ್ರಾನ್ಸ್ ಆಗಿಬಿಡುತ್ತದೆ. ಹೃದಯಕ್ಕೆ ಕೆಡುಕು ಮಾಡುವ ಟ್ರಾನ್ಸ್ ಕೊಬ್ಬು ಹುಟ್ಟುವುದು ಬಹುಪಾಲು ಹೀಗೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬಿನಲ್ಲಿ ಇದರ ಮಿತಿಯನ್ನು ಶೇ. 2ಕ್ಕೆ ಇಳಿಸಿದೆ. ಕ್ರಿಯಾವರ್ಧಕ ಕೆಟ್ಟದ್ದಲ್ಲ ಎಂಬುದನ್ನು ಗಮನಿಸಿ. ಅದಕ್ಕೆ ಬೇಕಾದ ಅನಿಲ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ, ಅಷ್ಟೆ.

ಇಲ್ಲಿ ಇಂಗಾಲದ ಡೈಆಕ್ಸೈಡ್ ನೆರವಿಗೆ ಬರುತ್ತದೆ. ಸೂಪರ್‌ಕ್ರಿಟಿಕಲ್ ಸ್ಥಿತಿಯಲ್ಲಿ ಹೈಡ್ರೋಜನ್ ಅದರೊಡನೆ ಎಷ್ಟು ಬೇಕಾದರೂ ಬೆರೆಯುತ್ತದೆ. 1994ರಲ್ಲಿ ಜಪಾನಿನಲ್ಲಿ ಜೆಸಪ್, ಇಕಾರಿಯಾ, ನೊಯೊರಿ ಮೂವರು ಇಂಗಾಲದ ಡೈಆಕ್ಸೈಡನ್ನೇ ದ್ರಾವಕವಾಗಿಯೂ ಕಚ್ಚಾವಸ್ತುವಾಗಿಯೂ ಇಟ್ಟುಕೊಂಡು ರುಥೇನಿಯಂ ಕ್ರಿಯಾವರ್ಧಕದಿಂದ ಫಾರ್ಮಿಕ್ ಆಮ್ಲ ಮಾಡಿದರು. ವೇಗ ಅಸಾಧಾರಣವಾಗಿತ್ತು. ಹೈಡ್ರೋಜನ್ ಧಾರಾಳವಾಗಿ ಬೆರೆತದ್ದು ಅದಕ್ಕೆ ಒಂದು ಮುಖ್ಯ ಕಾರಣ ಎಂದು ಅವರು ಹೇಳಿದರು. ನೊಯೊರಿಗೆ ಮುಂದೆ 2001ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ.

ಪೂರ್ತಿ ಸೂಪರ್‌ಕ್ರಿಟಿಕಲ್ ಸ್ಥಿತಿಗೇ ಹೋಗಬೇಕೆಂದಿಲ್ಲ. ಮೆಥನಾಲ್ ಅಥವಾ ಅಸಿಟೋನ್ ಮೇಲೆ ಕೆಲವು ಹತ್ತು ಬಾರ್ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅದು ಹೆನ್ರಿಯ ನಿಯಮದ ಸರಳ ರೇಖೆಯನ್ನೂ ಮೀರಿ ಕರಗುತ್ತದೆ. ದ್ರವ ಹಿಟ್ಟಿನಂತೆ ಉಬ್ಬುತ್ತದೆ, ಗಾತ್ರ ಹಲವು ಪಟ್ಟು ಆಗುತ್ತದೆ. ಇದಕ್ಕೆ ಅನಿಲದಿಂದ ಹಿಗ್ಗಿದ ದ್ರವ ಎನ್ನಬಹುದು. ಹಿಗ್ಗಿದ ದ್ರವದ ಸ್ನಿಗ್ಧತೆ ಕಡಿಮೆ, ಹೈಡ್ರೋಜನ್, ಆಕ್ಸಿಜನ್, ಕಾರ್ಬನ್ ಮಾನಾಕ್ಸೈಡ್ ಅದರಲ್ಲಿ ಹೆಚ್ಚು ಕರಗುತ್ತವೆ, ಕ್ರಿಯಾವರ್ಧಕವನ್ನು ಕರಗಿಸಿಡುವಷ್ಟು ಸಾವಯವ ದ್ರಾವಕವೂ ಉಳಿದಿರುತ್ತದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಬಾಲಾ ಸುಬ್ರಮಣಿಯಂ ಅವರ ತಂಡ ಈ ದ್ರವಗಳಲ್ಲಿ ಆಕ್ಟೀನ್‌ನಿಂದ ಆಲ್ಡಿಹೈಡ್ ಮಾಡುವ ಕ್ರಿಯೆಯನ್ನು ಅಭ್ಯಾಸ ಮಾಡಿದೆ. ಅವರೂ ಫಿಲಿಪ್ ಜೆಸಪ್‌ರೂ ಸೇರಿ 2007ರಲ್ಲಿ ಬರೆದ ವಿಮರ್ಶೆಯಲ್ಲಿ ದ್ರವಗಳನ್ನು ಮೂರು ಜಾತಿ ಮಾಡಿದ್ದಾರೆ. ನೀರಿನಂಥವು ಈ ಅನಿಲವನ್ನು ಹೆಚ್ಚು ಕರಗಿಸಿಕೊಳ್ಳುವುದಿಲ್ಲ, ಹಿಗ್ಗುವುದೂ ಇಲ್ಲ. ಗೋಲಿ ಸೋಡಾದ ಬಾಟಲಿ ನೋಡಿದವರಿಗೆ ಇದು ಗೊತ್ತು. ಮೆಥನಾಲ್‌ನಂಥವು ಕರಗಿಸಿಕೊಂಡು ಹಿಗ್ಗುತ್ತವೆ. ಅಯಾನಿಕ್ ದ್ರವ ಮತ್ತು ಪಾಲಿಮರ್‌ಗಳು ಸಾಕಷ್ಟು ಕರಗಿಸಿಕೊಂಡರೂ ಗಾತ್ರದಲ್ಲಿ ಅಷ್ಟಾಗಿ ಹಿಗ್ಗುವುದಿಲ್ಲ, ಆದರೆ ಕಾಕಂಬಿಯಂತೆ ಮಂದವಾಗಿದ್ದದ್ದು ತೆಳ್ಳಗಾಗುತ್ತದೆ.

ಮೂರನೆಯ ಜಾತಿಯೇ ಹಸಿರು ದ್ರಾವಕಗಳ ಜಾತಿ. ಅಯಾನಿಕ್ ದ್ರವ ಎಂದರೆ ಕೋಣೆಯ ತಾಪದಲ್ಲೇ ದ್ರವವಾಗಿರುವ ಲವಣ. ಅದು ಆವಿಯಾಗುವುದಿಲ್ಲ, ಹಾಗಾಗಿ ಗಾಳಿ ಕೆಡಿಸದು. ಕ್ರಿಯೆ ಮುಗಿದ ಮೇಲೆ ಸರಕನ್ನು ಅದರಿಂದ ಬಿಡಿಸುವುದು ಹೇಗೆ? ಮತ್ತೆ ಹೆಕ್ಸೇನ್ ಸುರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. 1999ರಲ್ಲಿ ಜೋನ್ ಬ್ರೆನೆಕೆ ಮತ್ತು ಸಂಗಡಿಗರು ಒಂದು ಪುಟದಷ್ಟು ಚಿಕ್ಕ ಬರಹದಲ್ಲಿ ಉತ್ತರ ಕೊಟ್ಟರು. ಇಂಗಾಲದ ಡೈಆಕ್ಸೈಡ್ ಅಯಾನಿಕ್ ದ್ರವದಲ್ಲಿ ಧಾರಾಳ ಕರಗುತ್ತದೆ, ಅಯಾನಿಕ್ ದ್ರವ ಮಾತ್ರ ಇಂಗಾಲದ ಡೈಆಕ್ಸೈಡಿನಲ್ಲಿ ಕರಗುವುದಿಲ್ಲ. ಒಳಗೆ ಹೋದ ಅನಿಲ ಸರಕನ್ನು ಹೊತ್ತು ಹೊರಬರುತ್ತದೆ, ಲವಣವನ್ನು ಅಲ್ಲೇ ಬಿಡುತ್ತದೆ. 2003ರಲ್ಲಿ ಹೆಲ್ಡೆಬ್ರಾಂಟ್ ಮತ್ತು ಜೆಸಪ್ ಇದೇ ಆಟವನ್ನು ಪಾಲಿಎಥಿಲೀನ್ ಗ್ಲೈಕಾಲ್ ಜೊತೆ ಆಡಿದರು. ಮಲಬದ್ಧತೆಗೆ ಡಾಕ್ಟರು ಬರೆದುಕೊಡುವ ಪುಡಿಯಲ್ಲಿರುವ ಅದೇ ವಸ್ತು. ಅದರಲ್ಲಿ ರೋಡಿಯಂ ಕ್ರಿಯಾವರ್ಧಕವನ್ನು ಕರಗಿಸಿ, ಸ್ಟೈರೀನ್‌ಗೆ ಹೈಡ್ರೋಜನ್ ಸೇರಿಸಿ, ಸರಕನ್ನು ಇಂಗಾಲದ ಡೈಆಕ್ಸೈಡಿನಿಂದ ಹೊರತೆಗೆದು, ಅದೇ ಕ್ರಿಯಾವರ್ಧಕವನ್ನು ಮತ್ತೆ ಮತ್ತೆ ದುಡಿಸಿದರು. ರೋಡಿಯಂ ಚಿನ್ನದಂತೆ ಬೆಲೆಬಾಳುವ ಲೋಹ, ಒಂದೇ ಬಾರಿಗೆ ಕಳೆದುಕೊಳ್ಳುವ ಮಾತಲ್ಲ. ಜಾರ್ಜಿಯಾ ಟೆಕ್‌ನ ಎಕರ್ಟ್ ಮತ್ತು ಲಿಯೊಟ್ಟಾ ಇನ್ನೂ ಸರಳ ದಾರಿ ಹಿಡಿದರು. ನೀರು ಮತ್ತು ಟೆಟ್ರಾಹೈಡ್ರೋಫ್ಯೂರಾನ್ ಬೆರೆತು ಒಂದೇ ಆಗಿರುವಾಗ ಕ್ರಿಯೆ ನಡೆಸು. ಮುಗಿದ ಮೇಲೆ ಇಂಗಾಲದ ಡೈಆಕ್ಸೈಡ್ ಒತ್ತು. ಎರಡೂ ಪದರ ಬೇರೆಯಾಗುತ್ತವೆ, ಕ್ರಿಯಾವರ್ಧಕ ನೀರಿನಲ್ಲಿ, ಸರಕು ಮೇಲಿನ ಪದರದಲ್ಲಿ. ಇಂಥ ಕೆಲಸಗಳಿಗಾಗಿ ಅವರಿಗೆ 2004ರಲ್ಲಿ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನ ಪ್ರಶಸ್ತಿ ಬಂತು.

ಇಷ್ಟು ಓದಿ ಇಂಗಾಲದ ಡೈಆಕ್ಸೈಡ್ ಹಾಕಿದರೆ ಎಲ್ಲ ಕ್ರಿಯೆಯೂ ಸುಧಾರಿಸುತ್ತದೆ ಎಂದು ಬರೆದುಕೊಳ್ಳಬೇಡಿ. ಜೆಸಪ್, ಎಕರ್ಟ್, ಲಿಯೊಟ್ಟಾ ಮತ್ತಿತರರೇ 2003ರಲ್ಲಿ ಅಯಾನಿಕ್ ದ್ರವದಲ್ಲಿ ಎರಡು ಆಮ್ಲಗಳಿಗೆ ಹೈಡ್ರೋಜನ್ ಸೇರಿಸಿ ನೋಡಿದರು. ಅಟ್ರೋಪಿಕ್ ಆಮ್ಲದಲ್ಲಿ ಬೇಕಾದ ಕೈಯ ಅಣು ಹೆಚ್ಚು ಸಿಕ್ಕಿತು. ಟಿಗ್ಲಿಕ್ ಆಮ್ಲದಲ್ಲಿ ಇಂಗಾಲದ ಡೈಆಕ್ಸೈಡ್ ಬಂದ ಮೇಲೆ ಕಡಿಮೆಯಾಯಿತು. ಎರಡನೆಯದಕ್ಕೆ ಹೈಡ್ರೋಜನ್ ಕೊರತೆಯೇ ಅನುಕೂಲವಾಗಿತ್ತು! ಕ್ರಿಯೆಗೆ ಏನು ಕೊರತೆ ಎಂದು ಮೊದಲು ಗುರುತಿಸಬೇಕು, ಆಮೇಲೆ ಮದ್ದು.

ಈಗ ನಮ್ಮ ರಾಜ್ಯದ ಉದಾಹರಣೆಗೆ ಬರುತ್ತೇನೆ. ಹೊಂಗೆ ಮರ ನಿಮಗೆಲ್ಲ ಗೊತ್ತು. ನಮ್ಮ ಕಡೆ ಹುಲಗಲ ಅನ್ನುತ್ತಾರೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯಿಂದ ಬಸ್ಸಿನಲ್ಲಿ ಬರುವವರು ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಅದನ್ನು ನೋಡುತ್ತಲೇ ಬರುತ್ತೀರಿ. ಅದರ ಬೀಜದ ಎಣ್ಣೆ ತಿನ್ನಲು ಬಾರದು, ಹಿಂದೆ ದೀಪಕ್ಕೆ ಸುರಿಯುತ್ತಿದ್ದರು. ಆ ಎಣ್ಣೆಯಿಂದ ಬಯೋಡೀಸೆಲ್ ಮಾಡಬಹುದು. ಎಣ್ಣೆ ಎಂದರೆ ಟ್ರೈಗ್ಲಿಸರೈಡ್. ಅದರ ಒಂದು ಮೋಲ್‌ಗೆ ಮೂರು ಮೋಲ್ ಮೆಥನಾಲ್ ಸೇರಿಸಿದರೆ ಮೂರು ಮೋಲ್ ಮಿಥೈಲ್ ಎಸ್ಟರ್, ಒಂದು ಮೋಲ್ ಗ್ಲಿಸರಾಲ್. ಟ್ರೈಓಲಿನ್ ಎಂಬ ಶುದ್ಧ ಎಣ್ಣೆಯ ಲೆಕ್ಕ ಹಿಡಿದರೆ 885 ಗ್ರಾಂಗೆ 96 ಗ್ರಾಂ ಮೆಥನಾಲ್ ಸಾಕು. ಎಸ್ಟರೇ ಬಯೋಡೀಸೆಲ್.

ಸಾಮಾನ್ಯವಾಗಿ ಇದಕ್ಕೆ ಕ್ರಿಯಾವರ್ಧಕ ಸೋಡಿಯಂ ಹೈಡ್ರಾಕ್ಸೈಡಿನಂಥ ಆಲ್ಕಲಿ. (ಆಲ್ಕಲಿ ಎಂಬ ಮಾತೇ ಅರಬ್ಬಿಯ ‘ಅಲ್-ಕಲೀ’ಯಿಂದ ಬಂದದ್ದು, ಗಿಡ ಸುಟ್ಟ ಬೂದಿ ಎಂದರ್ಥ. ಅರಬ್ಬಿ ಓದುವವರು ಇಂಥ ಇನ್ನಷ್ಟು ಪದ ಹುಡುಕಿ ನೋಡಿ.) ಆದರೆ ಗಾಣದಿಂದ ಬಂದ ಕಚ್ಚಾ ಹುಲಗಲದ ಎಣ್ಣೆಯಲ್ಲಿ ಬಿಡಿ ಕೊಬ್ಬಿನ ಆಮ್ಲ ಹೆಚ್ಚು. ಆಲ್ಕಲಿ ಹಾಕಿದರೆ ಮೊದಲು ಸಾಬೂನಾಗುತ್ತದೆ, ಡೀಸೆಲ್ ಬೇಡುವವನ ಪಾತ್ರೆಯಲ್ಲಿ ನೊರೆ ಏಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ವಿವೇಕ್ ರಾಠೋಡ್ ಮತ್ತು ಗಿರಿಧರ್ ಮದ್ರಾಸ್ ಇದಕ್ಕೆ ಎರಡು ಬೇರೆ ದಾರಿಗಳನ್ನು ಹೋಲಿಸಿ 2007ರಲ್ಲಿ ಪ್ರಕಟಿಸಿದರು. ತಾಳೆ ಎಣ್ಣೆ, ಶೇಂಗಾ ಎಣ್ಣೆ, ಕಚ್ಚಾ ಹೊಂಗೆ ಎಣ್ಣೆ, ಕಚ್ಚಾ ಜಟ್ರೋಫಾ ಎಣ್ಣೆ ತೆಗೆದುಕೊಂಡರು. ಒಂದನೆಯ ದಾರಿಯಲ್ಲಿ ಕ್ರಿಯಾವರ್ಧಕವೇ ಇಲ್ಲ, ಮೆಥನಾಲ್ ಅಥವಾ ಎಥನಾಲನ್ನೇ 200 ಬಾರ್ ಒತ್ತಡದಲ್ಲಿ 200ರಿಂದ 400 ಡಿಗ್ರಿ ತನಕ ಕಾಯಿಸುವುದು. ಎರಡನೆಯ ದಾರಿಯಲ್ಲಿ ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್ ದ್ರಾವಕ, ಕ್ರಿಯಾವರ್ಧಕ ಲೈಪೇಸ್ ಎಂಬ ಕಿಣ್ವ, ತಾಪ ಕಿಣ್ವ ಕೆಡದಷ್ಟು ಸೌಮ್ಯ.

ನೀವು ಯಾವುದರ ಮೇಲೆ ಪಂದ್ಯ ಕಟ್ಟುತ್ತೀರಿ? ತರಗತಿಯಲ್ಲಿ ಕೇಳಿದಾಗ ಎಲ್ಲರೂ ಎರಡನೆಯದಕ್ಕೇ ಕೈ ಎತ್ತಿದರು. ಫಲಿತಾಂಶ ಇದು: ಮೊದಲನೆಯ ದಾರಿಯಲ್ಲಿ 10 ನಿಮಿಷದಲ್ಲಿ ಶೇ. 80ಕ್ಕಿಂತ ಹೆಚ್ಚು, 40 ನಿಮಿಷದಲ್ಲಿ ಹೆಚ್ಚುಕಡಿಮೆ ಪೂರ್ತಿ ಪರಿವರ್ತನೆ. ಕಿಣ್ವದ ದಾರಿಯಲ್ಲಿ 8 ತಾಸು ಕಳೆದರೂ ಶೇ. 60ರಿಂದ 70. ಮೆಥನಾಲ್ ಹೆಚ್ಚಾದರೆ ಲೈಪೇಸ್ ಮಂಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ತೊಂದರೆ. ಇಂಗಾಲದ ಡೈಆಕ್ಸೈಡ್ ಎಣ್ಣೆಯನ್ನು ಕಿಣ್ವದ ಹತ್ತಿರ ತಂದುಕೊಡಬಲ್ಲದು, ಕಿಣ್ವದ ಸ್ವಭಾವ ಬದಲಿಸಲಾರದು. ಇದನ್ನು ಸೋಲು ಎಂದು ಮುಚ್ಚಿಡದೆ ಎರಡೂ ಅಂಕಿಗಳನ್ನು ಒಂದೇ ಲೇಖನದಲ್ಲಿ ಪಕ್ಕಪಕ್ಕ ಇಟ್ಟದ್ದಕ್ಕೆ ಆ ಕೆಲಸ ನನಗೆ ಇಷ್ಟ.

ಹಾಗಾದರೆ ಯಾವುದು ಹಸಿರು? ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಕೊಟ್ಟ 12 ತತ್ವಗಳಲ್ಲಿ ಐದನೆಯದು ನಿರಪಾಯ ದ್ರಾವಕ ಬಳಸಿ ಎನ್ನುತ್ತದೆ, ಆರನೆಯದು ಶಕ್ತಿ ಉಳಿಸಿ ಎನ್ನುತ್ತದೆ. ನಮ್ಮ ವಿಷಯದಲ್ಲಿ ಐದು ಮತ್ತು ಆರು ಎದುರುಬದುರು ನಿಲ್ಲುತ್ತವೆ. ಮುಂಡರಗಿ ಕಡೆಯ ಒಬ್ಬ ವಿದ್ಯಾರ್ಥಿನಿ ಹಿಂದಿನ ಬೆಂಚಿನಿಂದ ಕೇಳಿದಳು, “ಸರ್, ಅದನ್ನ ಅಷ್ಟು ಒತ್ತಾಕ ಕರೆಂಟ್ ಎಲ್ಲಿಂದ ಬರ್ತೈತ್ರಿ?” ಇಡೀ ತಾಸಿನಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೇ. ಪ್ರಥಮ ಪಿಯುಸಿಯ ಸೂತ್ರದಿಂದ ಅಲ್ಲಿಯೇ ಲೆಕ್ಕ ಹಾಕಿದೆವು. ಆದರ್ಶ ಅನಿಲ ಎಂದು ಹಿಡಿದು, 300 ಕೆಲ್ವಿನ್‌ನಲ್ಲಿ 1 ಬಾರ್‌ನಿಂದ 50 ಬಾರ್‌ಗೆ ಒಂದು ಮೋಲ್ ಅನಿಲವನ್ನು ಒತ್ತಲು ಬೇಕಾದ ಕನಿಷ್ಠ ಕೆಲಸ 2.303 × 8.314 × 300 × ಲಾಗ್ 50, ಅಂದರೆ ಸುಮಾರು 9.8 ಕಿಲೋಜೂಲ್. ಒಂದು ಕಿಲೋದಲ್ಲಿ 22.7 ಮೋಲ್ ಇರುವುದರಿಂದ ಕಿಲೋಗೆ ಸುಮಾರು 222 ಕಿಲೋಜೂಲ್. ಈ ಒತ್ತಡದಲ್ಲಿ ಆದರ್ಶ ಅನಿಲ ಎನ್ನುವುದು ಒರಟು ಅಂದಾಜು, ನಿಜವಾದ ಯಂತ್ರದಲ್ಲಿ ನಷ್ಟವೂ ಇರುತ್ತದೆ. ಇನ್ನೊಂದು ತಕ್ಕಡಿಯಲ್ಲಿ ಹೆಕ್ಸೇನ್ ಇಡಿ. ಅದರ ಒಂದು ಕಿಲೋವನ್ನು ಕುದಿಬಿಂದುವಿನಲ್ಲಿ ಆವಿ ಮಾಡಲು ಸುಮಾರು 335 ಕಿಲೋಜೂಲ್ ಬೇಕು. ಕೈ ಎತ್ತಿದವರಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಹೆಕ್ಸೇನ್‌ಗೆ ಬೇಕಾದದ್ದು ಒಲೆಯ ಶಾಖ, ಇಲ್ಲಿ ಬೇಕಾದದ್ದು ವಿದ್ಯುತ್ತು. ಜೊತೆಗೆ ಇಂಗಾಲದ ಡೈಆಕ್ಸೈಡ್ ಬಡ ದ್ರಾವಕವಾದ್ದರಿಂದ ಅಷ್ಟೇ ಎಣ್ಣೆಗೆ ಹಲವು ಪಟ್ಟು ತೂಕದ ಅನಿಲ ಸುತ್ತಬೇಕು. ಬಲ್ಲವರು ಒತ್ತಡವನ್ನು ಪೂರ್ತಿ ಬಿಡುವುದಿಲ್ಲ. ಅರ್ಧಕ್ಕೆ ಇಳಿಸಿ ಸರಕು ಉದುರಿಸಿಕೊಂಡು ಮತ್ತೆ ಏರಿಸುತ್ತಾರೆ. ಲಾಗ್ 50ರ ಜಾಗದಲ್ಲಿ ಲಾಗ್ 2 ಹಾಕಿ ನೋಡಿ, ಕೆಲಸ ಐದನೆಯ ಒಂದು ಭಾಗಕ್ಕಿಂತ ಕಡಿಮೆ.

ಪರೀಕ್ಷೆಯಲ್ಲಿ ಹಲವರು ಬರೆಯುವ ಇನ್ನೊಂದು ಮಾತಿದೆ: ಹೀಗೆ ಬಳಸುವುದರಿಂದ ಭೂಮಿಯ ತಾಪ ಇಳಿಯುತ್ತದೆ. ಇಲ್ಲ. ದ್ರಾವಕವಾಗಿ ದುಡಿದ ಇಂಗಾಲದ ಡೈಆಕ್ಸೈಡ್ ಅಷ್ಟೇ ಇರುತ್ತದೆ, ಮಾಯವಾಗುವುದಿಲ್ಲ. ಲಾಭ ಇರುವುದು ಅದು ಹೊರದಬ್ಬುವ ಹೆಕ್ಸೇನಿನಲ್ಲಿ, ಉಳಿಸಿಕೊಡುವ ರೋಡಿಯಂನಲ್ಲಿ. ಅದಕ್ಕಾಗಿ ಹೊಸದಾಗಿ ಏನನ್ನೂ ಸುಡಬೇಕಾಗಿಲ್ಲ ಎಂಬುದು ಮಾತ್ರ ನಿಜ. ಸಕ್ಕರೆ ಕಾರ್ಖಾನೆಗಳ ಜೊತೆಗಿರುವ ಎಥನಾಲ್ ಘಟಕಗಳಲ್ಲಿ 180 ಗ್ರಾಂ ಗ್ಲೂಕೋಸ್ ಹುದುಗಿದರೆ 92 ಗ್ರಾಂ ಎಥನಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಸಮೀಕರಣ ಬರೆದು ನೋಡಿ. ಹೆಚ್ಚುಕಡಿಮೆ ಸಮತೂಕ, ಅದೂ ಸಾಕಷ್ಟು ಶುದ್ಧ.

ನಮ್ಮ ಪ್ರಯೋಗಶಾಲೆಯಲ್ಲಿ 74 ಬಾರ್ ತಡೆಯುವ ಪಾತ್ರೆ ಇಲ್ಲ. ಒಣ ಮಂಜುಗಡ್ಡೆಯನ್ನು ಬಾಟಲಿಯಲ್ಲಿ ಮುಚ್ಚಿ ನೋಡುವ ಸಾಹಸವನ್ನು ಯಾರೂ ಮಾಡಕೂಡದು, ಅದು ಸಿಡಿದು ಕಣ್ಣು ಕಳೆದುಕೊಂಡವರಿದ್ದಾರೆ. ಆದರೆ ‘ಬಂದು ಕೆಲಸ ಮಾಡಿ ಹೋಗುವ’ ಗುಣವನ್ನು ಒಂದು ಪರೀಕ್ಷಾ ನಳಿಕೆಯಲ್ಲಿ ನೋಡಬಹುದು. ತೀರ ತೆಳುವಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಒಂದೆರಡು ಹನಿ ಫಿನಾಲ್ಫ್ತಲೀನ್ ಹಾಕಿ, ಗುಲಾಬಿ ಬಣ್ಣ ಬರುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ ಎದ್ದ ಅನಿಲವನ್ನು ಕೊಳವೆಯಲ್ಲಿ ಅದರೊಳಗೆ ಹಾಯಿಸಿ. ಬಣ್ಣ ಹೋಗುತ್ತದೆ, ಕಾರ್ಬಾನಿಕ್ ಆಮ್ಲ ಬಂದಿದೆ. ಈಗ ಆ ನಳಿಕೆಯನ್ನು ಮೆಲ್ಲಗೆ ಕುದಿಸಿ. ಬೈಕಾರ್ಬೋನೇಟ್ ಒಡೆದು ಅನಿಲ ಹೊರಟುಹೋಗುತ್ತದೆ, ಗುಲಾಬಿ ಮತ್ತೆ ಮೂಡುತ್ತದೆ. ನೀರಿನಲ್ಲಿ ಆಮ್ಲ ಬೇಕಾದ ಕ್ರಿಯೆಗಳಿಗೆ ಸಲ್ಫ್ಯೂರಿಕ್ ಆಮ್ಲದ ಬದಲು ಒತ್ತಿದ ಇಂಗಾಲದ ಡೈಆಕ್ಸೈಡ್ ಬಳಸುವವರು ನೆಚ್ಚಿಕೊಂಡಿರುವುದು ಇದನ್ನೇ. ಒತ್ತಡದಲ್ಲಿ ಪಿಎಚ್ ಸುಮಾರು 3ಕ್ಕೆ ಇಳಿಯುತ್ತದೆ, ಒತ್ತಡ ಬಿಟ್ಟರೆ ಆಮ್ಲವೇ ಇರುವುದಿಲ್ಲ, ಸುಣ್ಣ ಹಾಕಿ ತಟಸ್ಥ ಮಾಡುವ ಕೆಲಸವೂ ಇಲ್ಲ, ಲವಣದ ಕಸವೂ ಇಲ್ಲ. ಮಾಡಿ ನೋಡಿದವರು ಕುದಿಸುವ ಮೊದಲಿನ ಮತ್ತು ಕುದಿಸಿದ ಮೇಲಿನ ಬಣ್ಣ ಒಂದೇ ಗಾಢತೆಯದೋ ಅಲ್ಲವೋ ಎಂದು ಬರೆದು, ಅಲ್ಲದಿದ್ದರೆ ಯಾಕೆ ಎಂದು ಸಮೀಕರಣದೊಡನೆ ವಿಭಾಗದಲ್ಲಿ ತಂದು ಕೊಡಿ.